ತಮ್ಮನ ಎದೆಯ ರಂಧ್ರವನ್ನು ಮುಚ್ಚಿದವರು ಯಾರು?

ಪಿಸುಮಾತು ಬರೆದದ್ದು:

ಎಲ್ಲರಿಗೂ ನಮಸ್ಕಾರ. ನಾನು ಬಿ.ಎಸ್ಸಿ. ಅಂತಿಮ ವರ್ಷದ ವಿದ್ಯಾರ್ಥಿನಿ. ಪ್ರಾಣಿಶಾಸ್ತ್ರ ನನ್ನ ಮುಖ್ಯ ವಿಷಯ. ಊರು ತೀರ್ಥಹಳ್ಳಿ ಕಡೆಯ ಒಂದು ಹಳ್ಳಿ. ಎರಡು ತಿಂಗಳಿಂದ ತಲೆಯಲ್ಲಿ ಸುತ್ತುತ್ತಿರುವ ಒಂದು ಪ್ರಶ್ನೆಯನ್ನು ತರಗತಿಯಲ್ಲಿ ಕೇಳುವ ಧೈರ್ಯ ಬಾರದೆ ಇಲ್ಲಿ ಇಡುತ್ತಿದ್ದೇನೆ. ಬರಹ ದೀರ್ಘವಾದರೆ ಕ್ಷಮಿಸಬೇಕು.

ನನಗಿಂತ ಏಳು ವರ್ಷ ಚಿಕ್ಕವನಾದ ತಮ್ಮ ಹುಟ್ಟಿ ಒಂದೂವರೆ ತಿಂಗಳಾಗಿದ್ದಾಗ, ಲಸಿಕೆ ಹಾಕಿಸಲು ಕರೆದುಕೊಂಡು ಹೋದಲ್ಲಿ ವೈದ್ಯರಿಗೆ ಅವನ ಎದೆಯಲ್ಲಿ ಏನೋ ಬೇರೆ ಸದ್ದು ಕೇಳಿಸಿತು. ಶಿವಮೊಗ್ಗದಲ್ಲಿ ಎಕೋ ಮಾಡಿಸಿದಾಗ, ಹೃದಯದ ಕೆಳಗಿನ ಎರಡು ಕೋಣೆಗಳಾದ ಹೃತ್ಕುಕ್ಷಿಗಳ ನಡುವಣ ಗೋಡೆಯಲ್ಲಿ ಒಂದು ಸಣ್ಣ ರಂಧ್ರವಿರುವುದು ಗೊತ್ತಾಯಿತು. ಆಪರೇಷನ್ ಈಗ ಬೇಡ, ಆರು ತಿಂಗಳಿಗೊಮ್ಮೆ ತೋರಿಸುತ್ತಿರಿ ಎಂದು ಹೇಳಿ ಕಳುಹಿಸಿದರು. ಆ ರಾತ್ರಿಯೇ ಅಮ್ಮ ದೇವರ ಮುಂದೆ ನಿಂತು, ಮಗು ಗುಣವಾದರೆ ಅವನ ತೂಕದಷ್ಟು ಬೆಲ್ಲದಲ್ಲಿ ತುಲಾಭಾರ ಮಾಡಿಸುತ್ತೇನೆಂದು ಹರಕೆ ಹೇಳಿಕೊಂಡರು. ತಮ್ಮನಿಗೆ ಎರಡು ವರ್ಷವಾಗುವ ಹೊತ್ತಿಗೆ ರಂಧ್ರ ಮುಚ್ಚಿತ್ತು. ತಕ್ಕಡಿಯ ಒಂದು ಕಡೆ ಅಳುತ್ತಾ ಕುಳಿತಿದ್ದ ಅವನನ್ನೂ, ಇನ್ನೊಂದು ಕಡೆ ಅಪ್ಪ ಒಂದೊಂದಾಗಿ ಇಡುತ್ತಿದ್ದ ಅಚ್ಚುಬೆಲ್ಲವನ್ನೂ, ಬೆಲ್ಲದ ಮೇಲೆ ಕೂರುತ್ತಿದ್ದ ಜೇನುಹುಳಗಳನ್ನೂ ನಾನು ಇಂದಿಗೂ ಮರೆತಿಲ್ಲ. ನಮ್ಮ ಮನೆಯಲ್ಲಿ ದೇವರಿದ್ದಾನೆ ಎನ್ನುವುದಕ್ಕೆ ಬೇರೆ ಸಾಕ್ಷಿಯ ಅಗತ್ಯವೇ ಇರಲಿಲ್ಲ. ಸಾಕ್ಷಿ ಅಂಗಳದಲ್ಲಿ ಓಡಾಡಿಕೊಂಡಿತ್ತು.

ಈ ವರ್ಷ ಭ್ರೂಣಶಾಸ್ತ್ರದ ಪಾಠ ನಡೆಯಿತು. ಹೃದಯದ ಆ ಗೋಡೆ ಕೆಳಗಿನಿಂದ ಮೇಲಕ್ಕೆ ಬೆಳೆಯುತ್ತಾ ಗರ್ಭದ ಏಳೆಂಟನೆಯ ವಾರದ ಸುಮಾರಿಗೆ ಪೂರ್ತಿಯಾಗುತ್ತದೆ ಎಂದೂ, ಕೆಲವು ಶಿಶುಗಳಲ್ಲಿ ಅಲ್ಲೊಂದು ಸಂದು ಉಳಿಯುತ್ತದೆ ಎಂದೂ, ಸ್ನಾಯುಭಾಗದಲ್ಲಿರುವ ಸಣ್ಣ ರಂಧ್ರಗಳಲ್ಲಿ ಬಹುಪಾಲು ಮೊದಲ ಕೆಲವು ವರ್ಷಗಳಲ್ಲಿ ತಾವಾಗಿಯೇ ಮುಚ್ಚಿಕೊಳ್ಳುತ್ತವೆ ಎಂದೂ ಓದಿದೆ. ಪುಟವನ್ನು ಎರಡು ಸಲ ಓದಿದೆ. ರಜೆಗೆ ಊರಿಗೆ ಹೋದಾಗ ಊಟದ ಹೊತ್ತಿನಲ್ಲಿ ಇದನ್ನು ಹೇಳಿಯೂಬಿಟ್ಟೆ. ಅಮ್ಮ ಏನೂ ಮಾತನಾಡದೆ ನನ್ನ ಎಲೆಗೆ ಇನ್ನೊಂದು ಸೌಟು ಸಾರು ಬಡಿಸಿದರು. ಅವರಿಂದ ಏನನ್ನೋ ಕಿತ್ತುಕೊಂಡೆನೇನೋ ಎಂದು ಅಂದಿನಿಂದ ಅನ್ನಿಸುತ್ತಿದೆ.

ನನ್ನ ಗೊಂದಲ ಇಷ್ಟೇ. ಜೀವವಿಕಾಸವನ್ನು ನಾನು ಒಪ್ಪುತ್ತೇನೆ. ಪರೀಕ್ಷೆಗೋಸ್ಕರವಲ್ಲ, ಅರ್ಥವಾಗಿಯೇ ಒಪ್ಪುತ್ತೇನೆ. ಆದರೂ ಸಂಜೆ ಹಾಸ್ಟೆಲಿನ ಕೋಣೆಯಲ್ಲಿ ಕೈಮುಗಿಯುವುದು ನಿಂತಿಲ್ಲ. ನಮ್ಮ ಕಾಲೇಜಿನಲ್ಲಿ ಆಯುಧಪೂಜೆಯ ದಿನ ಸೂಕ್ಷ್ಮದರ್ಶಕಗಳಿಗೆ ಕುಂಕುಮ ಹಚ್ಚಿ ಸೇವಂತಿಗೆ ಮುಡಿಸುತ್ತಾರೆ. ಮರುವಾರ ಅದೇ ಸೂಕ್ಷ್ಮದರ್ಶಕದಲ್ಲಿ ಈರುಳ್ಳಿ ಬೇರಿನ ಕೋಶವಿಭಜನೆ ನೋಡುತ್ತೇವೆ, ಫೋಕಸ್ ಮಾಡುವಾಗ ಬೆರಳಿಗೆ ಕುಂಕುಮ ಹತ್ತುತ್ತದೆ. ಅದು ಯಾರಿಗೂ ವಿಚಿತ್ರವೆನಿಸುವುದಿಲ್ಲ. ನಾನು ಮಾಡುತ್ತಿರುವುದು ಅಪ್ರಾಮಾಣಿಕತೆಯೇ? ದಯವಿಟ್ಟು ಸಮಾಧಾನಕ್ಕಾಗಿ ಉತ್ತರಿಸಬೇಡಿ.

ಹಳೆ ಉಪನ್ಯಾಸಕ ಬರೆದದ್ದು:

ಮಗೂ, ಮೂವತ್ತೆರಡು ವರ್ಷ ಪದವಿಪೂರ್ವ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸಿದವನು ನಾನು. ಸೂಕ್ಷ್ಮದರ್ಶಕಕ್ಕೆ ಕುಂಕುಮ ಹಚ್ಚಿದವರಲ್ಲಿ ನಾನೂ ಒಬ್ಬ. ಲೆನ್ಸಿಗೆ ತಾಗದಂತೆ ಹಚ್ಚಬೇಕೆಂದು ಅಟೆಂಡರಿಗೆ ಪ್ರತಿವರ್ಷವೂ ಹೇಳಬೇಕಾಗುತ್ತಿತ್ತು, ಅದು ಬೇರೆ ಮಾತು.

ನಿಮ್ಮ ತಮ್ಮನ ಹೃದಯದ ಆ ಗೋಡೆಯ ಬಗ್ಗೆಯೇ ಸ್ವಲ್ಪ ಹೇಳುತ್ತೇನೆ, ಏಕೆಂದರೆ ನಿಮ್ಮ ಪ್ರಶ್ನೆಯ ಅರ್ಧ ಅದರಲ್ಲೇ ಇದೆ. ಮೀನಿನ ಹೃದಯದಲ್ಲಿ ಒಂದೇ ಹೃತ್ಕುಕ್ಷಿ. ಕಪ್ಪೆಯಲ್ಲಿ ಮೇಲಿನ ಹೃತ್ಕರ್ಣ ಎರಡಾಗಿದ್ದರೂ ಕೆಳಗಿನದು ಒಂದೇ. ಹಲ್ಲಿ, ಆಮೆಗಳಲ್ಲಿ ಗೋಡೆ ಅರ್ಧಂಬರ್ಧ ಇರುತ್ತದೆ. ಮೊಸಳೆ, ಹಕ್ಕಿ ಮತ್ತು ಸಸ್ತನಿಗಳಲ್ಲಿ ಮಾತ್ರ ಅದು ಪೂರ್ತಿಯಾಗಿದೆ. ಹಾಗೆಂದ ಮಾತ್ರಕ್ಕೆ ನಿಮ್ಮ ತಮ್ಮ ಹಲ್ಲಿಯ ಹೃದಯ ಹೊತ್ತು ಹುಟ್ಟಿದ ಎಂದು ಯಾರೂ ತಿಳಿಯಬಾರದು. ಭ್ರೂಣವು ಪೂರ್ವಜರ ನಾಟಕವನ್ನು ಮರಳಿ ಆಡುವುದಿಲ್ಲ. ಆದರೆ ಆ ಗೋಡೆ ಹಂತಹಂತವಾಗಿ ಕಟ್ಟಿಕೊಳ್ಳುವ ವ್ಯವಸ್ಥೆಯಾದ್ದರಿಂದಲೇ ಒಂದು ಹಂತದಲ್ಲಿ ಅದು ತುಸು ಹಿಂದುಳಿಯುವುದಕ್ಕೂ, ಆಮೇಲೆ ಸುತ್ತಲಿನ ಸ್ನಾಯು ಬೆಳೆದು ಸಂದನ್ನು ಮುಚ್ಚುವುದಕ್ಕೂ ಅವಕಾಶವಿದೆ. ಒಂದೇ ಪ್ರಕ್ರಿಯೆ ರಂಧ್ರವನ್ನೂ ಉಳಿಸಿತು, ಮುಚ್ಚಿಯೂ ಮುಚ್ಚಿತು. ಮುಚ್ಚಿದ್ದು ದೇವರು ಎನ್ನುವವರು ಉಳಿಸಿದ್ದು ಯಾರೆಂಬುದಕ್ಕೂ ಸಿದ್ಧರಿರಬೇಕಾಗುತ್ತದೆ.

ಕಾಲದ ಅಳತೆಯನ್ನೂ ಮರೆಯಬೇಡಿ. ಬೆಂಗಳೂರಿಗೆ ಹೋದರೆ ಲಾಲ್‌ಬಾಗಿನಲ್ಲಿ ಕೆಂಪೇಗೌಡ ಗೋಪುರವಿರುವ ಬಂಡೆಯ ಮೇಲೆ ಒಂದು ಗಳಿಗೆ ಕುಳಿತು ಬನ್ನಿ. ಅದರ ವಯಸ್ಸು ಸುಮಾರು 300 ಕೋಟಿ ವರ್ಷ. ಆ ಬಂಡೆ ಗಟ್ಟಿಯಾಗುತ್ತಿದ್ದಾಗಲೇ ಭೂಮಿಯ ನೀರಿನಲ್ಲಿ ಸೂಕ್ಷ್ಮಜೀವಿಗಳಿದ್ದವು. ಮೀನಿನ ಹೃದಯ ಬರುವುದಕ್ಕೆ ಇನ್ನೂ 240 ಕೋಟಿ ವರ್ಷಗಳಿಗೂ ಹೆಚ್ಚು ಕಾಲ ಬೇಕಿತ್ತು. ಇದನ್ನು ಮಕ್ಕಳಿಗೆ ಹೇಳಲು ನನಗೆ ವರ್ಷಕ್ಕೆ ಏಳೆಂಟು ತರಗತಿಗಳು ಮಾತ್ರ ಸಿಗುತ್ತಿದ್ದವು. ಈಗ ಹತ್ತನೆಯ ತರಗತಿಯ ಎನ್‌ಸಿಇಆರ್‌ಟಿ ಪುಸ್ತಕದಲ್ಲಿ ಜೀವವಿಕಾಸದ ಭಾಗವನ್ನೇ ತೆಗೆದಿದ್ದಾರೆ. ಆ ತೀರ್ಮಾನಕ್ಕೆ 2023ರಲ್ಲಿ ಸಾವಿರಾರು ವಿಜ್ಞಾನಿಗಳು, ಅಧ್ಯಾಪಕರು ವಿರೋಧ ಸೂಚಿಸಿ ಸಹಿ ಹಾಕಿದ್ದರು. ಹನ್ನೆರಡನೆಯ ತರಗತಿಯಲ್ಲಿ ಪಾಠ ಉಳಿದಿದೆ ನಿಜ, ಆದರೆ ಹತ್ತರ ನಂತರ ವಾಣಿಜ್ಯವನ್ನೋ ಕಲೆಯನ್ನೋ ಆರಿಸಿಕೊಳ್ಳುವ ಮಗು ಅದನ್ನು ನೋಡುವುದೇ ಇಲ್ಲ. ನಿಮ್ಮಂಥ ಗೊಂದಲವಾದರೂ ಅವರಿಗೆ ಬರಲಿ ಎಂದು ನಾನು ಹಾರೈಸುತ್ತೇನೆ.

ಶರಾವತಿ ತೀರ ಬರೆದದ್ದು:

ಉಪನ್ಯಾಸಕರು ಬಲ್ಲವರು, ಅವರ ಮಾತನ್ನು ಅಲ್ಲಗಳೆಯುವಷ್ಟು ಓದಿದವನು ನಾನಲ್ಲ. ಆದರೆ ಒಂದು ಮಾತು ಕೇಳಲೇಬೇಕು. ಇಷ್ಟೆಲ್ಲ ಪ್ರಯೋಗಾಲಯಗಳಿದ್ದೂ ಮನುಷ್ಯನಿಗೆ ಇಂದಿನವರೆಗೆ ಒಂದು ಹುಲ್ಲುಕಡ್ಡಿಗೆ ಜೀವ ಕೊಡಲು ಆಗಿಲ್ಲ. ರಂಧ್ರ ತಾನಾಗಿಯೇ ಮುಚ್ಚಿತು ಎನ್ನುತ್ತೀರಿ; ಆ 'ತಾನಾಗಿಯೇ' ಎನ್ನುವ ಪದವನ್ನು ನಾವು 'ದೇವರು' ಎನ್ನುತ್ತೇವೆ. ತಂಗಿ, ನಿನ್ನ ತಾಯಿಯ ಮುಂದೆ ಇಂಥ ಮಾತು ಆಡಬಾರದಿತ್ತು.

ನೇರನುಡಿ ಬರೆದದ್ದು:

ವಿದ್ಯಾರ್ಥಿನಿ ಸಮಾಧಾನ ಬೇಡವೆಂದಿದ್ದಾರೆ, ಆದ್ದರಿಂದ ನೇರವಾಗಿ ಹೇಳುತ್ತೇನೆ: ಹೌದು, ಅದು ಅಪ್ರಾಮಾಣಿಕತೆಯೇ.

ಶರಾವತಿ ತೀರದವರು ಹೇಳಿದ ವಾದ ಇನ್ನೂರು ವರ್ಷ ಹಳೆಯದು. ಜೀವಿಗಳ ದೇಹದಲ್ಲಿರುವ ಪದಾರ್ಥಗಳನ್ನು ಯಾವುದೋ ಪ್ರಾಣಶಕ್ತಿಯಲ್ಲದೆ ಬೇರೇನೂ ತಯಾರಿಸಲಾರದು ಎಂದು ರಸಾಯನಶಾಸ್ತ್ರಜ್ಞರೇ ನಂಬಿದ್ದ ಕಾಲವೊಂದಿತ್ತು. 1828ರಲ್ಲಿ ವೋಲರ್ ಮೂತ್ರದಲ್ಲಿರುವ ಯೂರಿಯವನ್ನು ಮೂತ್ರಪಿಂಡದ ಹಂಗಿಲ್ಲದೆ ತಯಾರಿಸಿದರು. 1953ರಲ್ಲಿ ಸ್ಟಾನ್ಲಿ ಮಿಲ್ಲರ್ ಮೀಥೇನ್, ಅಮೋನಿಯ, ಜಲಜನಕ ಮತ್ತು ನೀರಾವಿಯನ್ನು ಗಾಜಿನ ಬುರುಡೆಯಲ್ಲಿ ತುಂಬಿ ವಿದ್ಯುತ್ ಕಿಡಿ ಹಾಯಿಸಿದಾಗ ಅಮೈನೋ ಆಮ್ಲಗಳು ದೊರೆತವೆಂದು ಪ್ರಕಟಿಸಿದರು. ಪ್ರತಿಸಲವೂ ಗೆರೆ ಹಿಂದಕ್ಕೆ ಸರಿಯಿತು, ಪ್ರತಿಸಲವೂ ಭಕ್ತರು ಹೊಸ ಗೆರೆಯ ಆಚೆ ದೇವರನ್ನು ಕೂರಿಸಿದರು.

ಇನ್ನು ಪ್ರಾರ್ಥನೆ. ಅಮೆರಿಕದಲ್ಲಿ ಹೃದಯದ ಬೈಪಾಸ್ ಶಸ್ತ್ರಚಿಕಿತ್ಸೆಗೆ ಒಳಗಾದ 1,802 ರೋಗಿಗಳ ಮೇಲೆ ನಡೆಸಿದ ಒಂದು ಅಧ್ಯಯನ 2006ರಲ್ಲಿ ಪ್ರಕಟವಾಯಿತು. ತಮಗಾಗಿ ಪ್ರಾರ್ಥಿಸುತ್ತಿದ್ದಾರೋ ಇಲ್ಲವೋ ತಿಳಿಯದವರಲ್ಲಿ, ಪ್ರಾರ್ಥನೆ ನಡೆದ ಗುಂಪಿನ ಶೇ. 52 ಮತ್ತು ನಡೆಯದ ಗುಂಪಿನ ಶೇ. 51 ಮಂದಿಗೆ ತೊಡಕುಗಳಾದವು. ಪ್ರಾರ್ಥಿಸುತ್ತಿದ್ದಾರೆಂದು ಖಚಿತವಾಗಿ ತಿಳಿದಿದ್ದವರಲ್ಲಿ ಶೇ. 59! ನಮ್ಮದೇ ನಾಡಿನಲ್ಲಿ ಎಚ್. ನರಸಿಂಹಯ್ಯನವರು 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಉಪಕುಲಪತಿಯಾಗಿದ್ದುಕೊಂಡೇ ಪವಾಡಗಳ ತನಿಖೆಗೆ ಸಮಿತಿ ರಚಿಸಿದ್ದರು. ಅಷ್ಟು ದೊಡ್ಡ ಹುದ್ದೆಯಲ್ಲಿದ್ದವರೇ ಲೋಕದ ನಿಷ್ಠುರಕ್ಕೆ ಅಂಜಲಿಲ್ಲ. ಹಾಸ್ಟೆಲಿನ ಕೋಣೆಯೊಳಗೆ ನಿಮಗೆ ಯಾರ ಅಂಜಿಕೆ?

ಪಂಚಾಂಗದ ಮನೆ ಬರೆದದ್ದು:

ಇಬ್ಬರೂ ಅನಗತ್ಯವಾಗಿ ಜಗಳವಾಡುತ್ತಿದ್ದೀರಿ. ನಮ್ಮ ಪರಂಪರೆಯಲ್ಲಿ ಈ ಸಂಘರ್ಷವೇ ಇಲ್ಲ. ಮತ್ಸ್ಯ, ಕೂರ್ಮ, ವರಾಹ, ನರಸಿಂಹ, ವಾಮನ ಎಂಬ ದಶಾವತಾರದ ಕ್ರಮವನ್ನೇ ನೋಡಿ: ನೀರು, ನೀರು ಮತ್ತು ನೆಲ, ನೆಲ, ಅರ್ಧ ಮನುಷ್ಯ, ಮನುಷ್ಯ. ಡಾರ್ವಿನ್ 1859ರಲ್ಲಿ ಬರೆದದ್ದು ನಮ್ಮ ಹಿರಿಯರಿಗೆ ಅದೆಷ್ಟೋ ಶತಮಾನಗಳ ಹಿಂದೆಯೇ ತಿಳಿದಿತ್ತು. ಋಗ್ವೇದದ ಹತ್ತನೆಯ ಮಂಡಲದ ನಾಸದೀಯ ಸೂಕ್ತವಂತೂ ಸೃಷ್ಟಿ ಎಲ್ಲಿಂದ ಬಂತೆಂದು ವಿಜ್ಞಾನಿಯಂತೆಯೇ ಪ್ರಶ್ನಿಸುತ್ತದೆ.

ಹಳೆ ಉಪನ್ಯಾಸಕ ಬರೆದದ್ದು:

ಪಂಚಾಂಗದ ಮನೆಯವರೇ, ತಪ್ಪು ತಿಳಿಯಬೇಡಿ. ದಶಾವತಾರದ ಹೋಲಿಕೆಯನ್ನು ನಾನೂ ಮೊದಲ ಐದಾರು ವರ್ಷ ತರಗತಿಯಲ್ಲಿ ಹೇಳುತ್ತಿದ್ದೆ, ಮಕ್ಕಳು ಖುಷಿಪಡುತ್ತಿದ್ದರು. ಆಮೇಲೆ ನಿಲ್ಲಿಸಿದೆ, ಏಕೆಂದರೆ ಆ ಹೋಲಿಕೆ ಕಲಿಸುವುದೆಲ್ಲ ತಪ್ಪು. ಡಾರ್ವಿನ್ ಮತ್ತು ವ್ಯಾಲೇಸ್ ಕೊಟ್ಟದ್ದು ಪ್ರಾಣಿಗಳ ಸರದಿಯನ್ನಲ್ಲ. ಒಂದೇ ಜಾತಿಯ ಜೀವಿಗಳಲ್ಲಿ ಸಣ್ಣಪುಟ್ಟ ವ್ಯತ್ಯಾಸಗಳಿವೆ, ಅವುಗಳಲ್ಲಿ ಕೆಲವು ಮುಂದಿನ ಪೀಳಿಗೆಗೆ ದಾಟುತ್ತವೆ, ಪರಿಸರಕ್ಕೆ ಒಗ್ಗಿದವು ಹೆಚ್ಚು ಸಂತಾನ ಬಿಡುತ್ತವೆ ಎನ್ನುವ ಯಂತ್ರಕ್ರಮವನ್ನು ಅವರು ಕೊಟ್ಟರು. ಅವತಾರದ ಕಥೆಯಲ್ಲಿ ಆ ಯಂತ್ರಕ್ರಮವಿಲ್ಲ, ಇರಬೇಕಾಗಿಯೂ ಇಲ್ಲ. ಅದು ಧರ್ಮರಕ್ಷಣೆಯ ಕಥೆ. ಮನುಷ್ಯನೇ ಕೊನೆಯ ಮೆಟ್ಟಿಲು ಎನ್ನುವುದೂ ಸರಿಯಲ್ಲ. ತುಂಗೆಯಲ್ಲಿ ಈಜುತ್ತಿರುವ ಮಹಸೀರ್ ಮೀನು ನನ್ನಷ್ಟೇ ದೀರ್ಘಕಾಲ ವಿಕಾಸಗೊಂಡು ಬಂದಿದೆ. ಅದು ನನ್ನ ಅಜ್ಜನಲ್ಲ, ದೂರದ ದಾಯಾದಿ.

ನಾಸದೀಯ ಸೂಕ್ತದ ಬಗ್ಗೆ ನನಗೆ ನಿಮಗಿಂತ ಕಡಿಮೆ ಗೌರವವಿಲ್ಲ. ಈ ಸೃಷ್ಟಿ ಹೇಗಾಯಿತೆಂದು ಪರಮ ವ್ಯೋಮದಲ್ಲಿರುವ ಅಧ್ಯಕ್ಷನಿಗೆ ಗೊತ್ತಿರಬಹುದು, ಅಥವಾ ಅವನಿಗೂ ಗೊತ್ತಿಲ್ಲದಿರಬಹುದು ಎಂದು ಅದು ಮುಗಿಯುತ್ತದೆ. ಸಂಶಯದಲ್ಲಿ ನಿಲ್ಲಿಸಿದ ಆ ಋಷಿಯನ್ನು 'ನಮಗೆ ಎಲ್ಲವೂ ಮೊದಲೇ ತಿಳಿದಿತ್ತು' ಎನ್ನುವುದಕ್ಕೆ ಸಾಕ್ಷಿ ಕರೆಯುವುದು ಆತನಿಗೆ ಮಾಡುವ ಅನ್ಯಾಯ.

ನೇರನುಡಿಯವರಿಗೂ ಒಂದು ಮಾತು. ಮಿಲ್ಲರ್ ಪ್ರಯೋಗದಿಂದ ಜೀವಕೋಶಕ್ಕೆ ಇರುವ ದೂರ ಬಹಳ ದೊಡ್ಡದು. 2010ರಲ್ಲಿ ಕ್ರೇಗ್ ವೆಂಟರ್ ತಂಡ ರಾಸಾಯನಿಕವಾಗಿ ಜೋಡಿಸಿದ ಡಿಎನ್‌ಎಯಿಂದ ಬ್ಯಾಕ್ಟೀರಿಯವೊಂದನ್ನು ನಡೆಸಿತು, 2016ರಲ್ಲಿ ಅದನ್ನು 473 ಜೀನುಗಳಿಗೆ ಇಳಿಸಿತು. ಆದರೆ ಆ ಡಿಎನ್‌ಎ ಸೇರಿಸಿದ್ದು ಮೊದಲೇ ಬದುಕಿದ್ದ ಒಂದು ಕೋಶಕ್ಕೆ. ಬರಿಯ ರಾಸಾಯನಿಕಗಳಿಂದ ಪೂರ್ತಿ ಕೋಶವನ್ನು ಯಾರೂ ಇನ್ನೂ ಕಟ್ಟಿಲ್ಲ. ಇದನ್ನು ಒಪ್ಪಿಕೊಂಡರೆ ವಿಜ್ಞಾನಕ್ಕೆ ಕುಂದಿಲ್ಲ. 'ಇನ್ನೂ ಗೊತ್ತಿಲ್ಲ' ಎನ್ನುವುದು ದೇವರ ವಿಳಾಸವೂ ಅಲ್ಲ, ದೇವರಿಲ್ಲವೆನ್ನುವುದಕ್ಕೆ ರಸೀದಿಯೂ ಅಲ್ಲ. ಬಟಾಣಿ ಗಿಡಗಳಲ್ಲಿ ಅನುವಂಶೀಯತೆಯ ನಿಯಮ ಕಂಡುಕೊಂಡ ಮೆಂಡೆಲ್ ಮಠದ ಸನ್ಯಾಸಿ. ಅವರು ಲೆಕ್ಕದ ಪುಸ್ತಕದಲ್ಲಿ ಬಟಾಣಿಯನ್ನು ಎಣಿಸಿ ಬರೆದರೇ ಹೊರತು, ಇಂತಿಷ್ಟು ಕಾಳು ದೇವರ ಕೃಪೆಯಿಂದ ದುಂಡಗಾದವು ಎಂದು ಬರೆಯಲಿಲ್ಲ. ನಾನು ಪ್ರಾಮಾಣಿಕತೆ ಎನ್ನುವುದು ಅದನ್ನೇ.

ನೇರನುಡಿ ಬರೆದದ್ದು:

ಮೆಂಡೆಲ್ ಮಾತು ಒಪ್ಪಿದೆ. ಆದರೆ ಅವರ ಎಣಿಕೆ ಚೆನ್ನಾಗಿ ನಡೆದದ್ದು ಮಠದಿಂದಲ್ಲ, ಮಠದ ಹೊರತಾಗಿಯೂ ಎಂಬ ನನ್ನ ಅಭಿಪ್ರಾಯ ಬದಲಾಗಿಲ್ಲ.

ಮಕ್ಕಳ ವಾರ್ಡ್ ಬರೆದದ್ದು:

ನಾನು ಹದಿನಾರು ವರ್ಷಗಳಿಂದ ಮಕ್ಕಳ ಹೃದ್ರೋಗ ವಿಭಾಗದಲ್ಲಿ ಶುಶ್ರೂಷಕಿಯಾಗಿದ್ದೇನೆ. ತತ್ತ್ವಚರ್ಚೆ ನನಗೆ ಬಾರದು, ಕಂಡದ್ದನ್ನು ಹೇಳುತ್ತೇನೆ.

ಹುಟ್ಟಿದ ದಿನ ಕೇಳದ ಸದ್ದು ಒಂದೂವರೆ ತಿಂಗಳಿಗೆ ಕೇಳಿಸಿದ್ದೇಕೆಂದು ಈ ಹುಡುಗಿಯ ತಾಯಿಗೆ ಆಗ ಗಾಬರಿಯಾಗಿರಬಹುದು. ಹುಟ್ಟಿದ ಹೊಸತರಲ್ಲಿ ಶ್ವಾಸಕೋಶದ ಕಡೆಯ ರಕ್ತದೊತ್ತಡ ಹೆಚ್ಚಿರುವುದರಿಂದ ಗೋಡೆಯ ಎರಡೂ ಕಡೆ ಒತ್ತಡ ಹೆಚ್ಚುಕಡಿಮೆ ಸಮವಾಗಿರುತ್ತದೆ, ರಂಧ್ರದ ಮೂಲಕ ರಕ್ತ ಜೋರಾಗಿ ನುಗ್ಗುವುದಿಲ್ಲ. ಕೆಲವು ವಾರಗಳಲ್ಲಿ ಆ ಕಡೆಯ ಒತ್ತಡ ಇಳಿದಾಗ ಎಡದಿಂದ ಬಲಕ್ಕೆ ರಕ್ತ ಚಿಮ್ಮತೊಡಗುತ್ತದೆ, ಆಗ ಸದ್ದು ಕೇಳುತ್ತದೆ. ಇನ್ನೊಂದು ವಿಚಿತ್ರವಿದೆ: ಸಣ್ಣ ರಂಧ್ರಕ್ಕೆ ಸದ್ದು ಜಾಸ್ತಿ. ನಲ್ಲಿಯ ಬಾಯಿಗೆ ಬೆರಳು ಒತ್ತಿ ಹಿಡಿದಾಗ ನೀರು ಬುಸುಗುಡುವ ಹಾಗೆ. ದೊಡ್ಡ ರಂಧ್ರವಿರುವ ಮಗುವಿನ ಎದೆ ಎಷ್ಟೋ ಸಲ ಅಷ್ಟು ಸದ್ದು ಮಾಡುವುದಿಲ್ಲ. ಹಾಲು ಕುಡಿಯುವಾಗ ಹಣೆಯ ಮೇಲೆ ಬೆವರು ಮೂಡುವುದರಿಂದ, ತೂಕ ಏರದಿರುವುದರಿಂದ ನಮಗೆ ತಿಳಿಯುತ್ತದೆ.

ನೂರು ಶಿಶುಗಳಲ್ಲಿ ಸುಮಾರು ಒಂದಕ್ಕೆ ಹೃದಯದ ಏನಾದರೊಂದು ಜನ್ಮಜಾತ ತೊಂದರೆ ಇರುತ್ತದೆ. ನನ್ನ ವಾರ್ಡಿನಲ್ಲಿ ಎಲ್ಲ ತೊಟ್ಟಿಲುಗಳಲ್ಲೂ ದಿಂಬಿನ ಕೆಳಗೆ ಏನಾದರೂ ಇದ್ದೇ ಇರುತ್ತದೆ: ತಾಯಿತ, ವಿಭೂತಿಯ ಪೊಟ್ಟಣ, ದರ್ಗಾದ ದಾರ, ಮಾತೆ ಮರಿಯಮ್ಮನ ಸಣ್ಣ ಚಿತ್ರ. ಶಸ್ತ್ರಚಿಕಿತ್ಸೆಗೆ ಒಯ್ಯುವಾಗ ಅವೆಲ್ಲವನ್ನೂ ತೆಗೆದು, ಮಗುವಿನ ಹೆಸರು ಬರೆದ ಕವರಿನಲ್ಲಿ ಹಾಕಿ ತಾಯಿಯ ಕೈಗೆ ಕೊಡುವುದು ನನ್ನ ಕೆಲಸ. ಬದುಕಿದ ಮಕ್ಕಳ ಕವರಿನಲ್ಲೂ ಅವೇ ಇರುತ್ತವೆ, ಬದುಕದ ಮಕ್ಕಳ ಕವರಿನಲ್ಲೂ ಅವೇ ಇರುತ್ತವೆ. ನೇರನುಡಿಯವರ 1,802 ರೋಗಿಗಳ ಅಂಕಿಯನ್ನು ನಾನು ಅಲ್ಲಗಳೆಯುವುದಿಲ್ಲ, ನಾನೇ ಆ ಅಂಕಿಯನ್ನು ಕೈಯಲ್ಲಿ ಹಿಡಿದವಳು. ಆದರೆ ಕವರನ್ನು ಕಸದ ಬುಟ್ಟಿಗೆ ಹಾಕಲು ನನ್ನಿಂದ ಇದುವರೆಗೆ ಆಗಿಲ್ಲ.

ಶರಾವತಿ ತೀರ ಬರೆದದ್ದು:

ಸಿಸ್ಟರ್, ನೀವು ಬರೆದದ್ದನ್ನು ಓದಿದ ಮೇಲೆ 'ತಾನಾಗಿಯೇ ಎಂದರೆ ದೇವರು' ಎಂಬ ನನ್ನ ಮಾತನ್ನು ಅಷ್ಟು ಸಲೀಸಾಗಿ ಆಡಬಾರದಿತ್ತು ಎನ್ನಿಸಿತು. ನಂಬಿಕೆ ಬಿಟ್ಟಿಲ್ಲ. ಮಾತನ್ನು ಮಾತ್ರ ಹಿಂದಕ್ಕೆ ಪಡೆಯುತ್ತೇನೆ.

ಪಿಸುಮಾತು ಬರೆದದ್ದು:

ಎಲ್ಲರಿಗೂ ಧನ್ಯವಾದಗಳು. ತಡವಾಗಿ ಉತ್ತರಿಸುತ್ತಿದ್ದೇನೆ, ನಡುವೆ ಎರಡು ದಿನ ಊರಿಗೆ ಹೋಗಿದ್ದೆ.

ಮೊದಲ ಬರಹದಲ್ಲಿ ಒಂದು ವಿಷಯವನ್ನು ನಾನು ಬರೆದಿರಲಿಲ್ಲ, ಬರೆಯಲು ಮನಸ್ಸಾಗಿರಲಿಲ್ಲ. ಶಿವಮೊಗ್ಗದ ಆಸ್ಪತ್ರೆಯ ಸಾಲಿನಲ್ಲಿ ಅಮ್ಮನಿಗೆ ಪರಿಚಯವಾದ ಇನ್ನೊಬ್ಬ ತಾಯಿ ಇದ್ದರು. ಅವರ ಮಗಳಿಗೂ ಅದೇ ಗೋಡೆಯಲ್ಲಿ ರಂಧ್ರ, ಆದರೆ ದೊಡ್ಡದು. ಅವರೂ ಅದೇ ದೇವರಿಗೆ ಹರಕೆ ಹೊತ್ತಿದ್ದರು, ಅಮ್ಮನೇ ಹೇಳಿಕೊಟ್ಟಿದ್ದರಂತೆ. ಆ ಮಗು ಶಸ್ತ್ರಚಿಕಿತ್ಸೆಗೆ ಬೆಂಗಳೂರಿಗೆ ಹೋಗಲು ದಿನ ಗೊತ್ತಾಗಿದ್ದಾಗ ನ್ಯುಮೋನಿಯ ಬಂದು ತೀರಿಕೊಂಡಿತು. ಸಿಸ್ಟರ್ ಬರೆದ ಕವರಿನ ಮಾತು ಓದಿದಾಗ ನನಗೆ ಅದೇ ನೆನಪಾಯಿತು.

ಈ ಸಲ ಅಮ್ಮನ ಜೊತೆ ಹೊಳೆಯ ಕಡೆ ನಡೆದು ಹೋಗುವಾಗ, ನಾನು ಊಟದ ಹೊತ್ತಿನಲ್ಲಿ ಆಡಿದ ಮಾತಿಗೆ ಕ್ಷಮೆ ಕೇಳಿದೆ. ಅಮ್ಮ ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಯಲು ಪ್ರಯತ್ನಿಸುತ್ತೇನೆ. "ತಾನಾಗೇ ಮುಚ್ಚಬಹುದು ಅಂತ ಡಾಕ್ಟ್ರು ಅವತ್ತೇ ಹೇಳಿದ್ರು ಮಾರಾಯ್ತಿ, ನೀನು ಹೇಳಿದ್ದು ನಂಗೆ ಹೊಸ್ತೇನಲ್ಲ. ಆರು ತಿಂಗಳು ಬಿಟ್ಟು ಬನ್ನಿ ಅಂದ್ರು. ಆ ಆರು ತಿಂಗಳು ನಾನು ಏನು ಮಾಡ್ಬೇಕಿತ್ತು, ನೀನೇ ಹೇಳು." ಸ್ವಲ್ಪ ದೂರ ನಡೆದ ಮೇಲೆ, "ಆ ಮಗು ಹೋದ್ಮೇಲೆ ತುಲಾಭಾರ ಮಾಡ್ಸೋ ಮನಸ್ಸೇ ಇರ್ಲಿಲ್ಲ ನಂಗೆ. ಹೇಳ್ಕೊಂಡಾಗಿತ್ತಲ್ಲ, ಮಾಡಿಸ್ದೆ," ಎಂದರು.

ನಾನು ಅಮ್ಮನ ನಂಬಿಕೆಗೆ ಪೆಟ್ಟು ಕೊಟ್ಟೆನೆಂದು ಎರಡು ತಿಂಗಳು ಕೊರಗಿದ್ದೆ. ನನ್ನ ಭ್ರೂಣಶಾಸ್ತ್ರ ಹುಟ್ಟುವ ಎಷ್ಟೋ ಮೊದಲೇ, ಒಂದು ಪುಟವನ್ನೂ ಓದದೆ, ಅವರು ಆ ಪ್ರಶ್ನೆಯ ಹತ್ತಿರ ಹೋಗಿ ಬಂದಿದ್ದರು. ಹಾಸ್ಟೆಲಿಗೆ ಮರಳಿದ ಮೇಲೆ ಗ್ರಂಥಾಲಯದಲ್ಲಿ ಡಾರ್ವಿನ್ 1860ರ ಮೇ ತಿಂಗಳಲ್ಲಿ ಏಸಾ ಗ್ರೇ ಎಂಬ ಸಸ್ಯವಿಜ್ಞಾನಿಗೆ ಬರೆದ ಪತ್ರವನ್ನು ಹುಡುಕಿ ಓದಿದೆ. ಜೀವಂತ ಕಂಬಳಿಹುಳದ ದೇಹವನ್ನು ಒಳಗಿನಿಂದ ತಿಂದು ಬೆಳೆಯುವಂಥ ಕಣಜವನ್ನು ದಯಾಮಯನೂ ಸರ್ವಶಕ್ತನೂ ಆದ ದೇವರು ಬೇಕೆಂದೇ ಸೃಷ್ಟಿಸಿದನೆಂದು ತನ್ನಿಂದ ಒಪ್ಪಿಕೊಳ್ಳಲಾಗದು ಎಂದು ಅವರು ಅದರಲ್ಲಿ ಬರೆಯುತ್ತಾರೆ. ಅದೇ ಪತ್ರದಲ್ಲಿ, ಇಡೀ ಜಗತ್ತು ಬರಿಯ ಜಡಶಕ್ತಿಯ ಫಲವೆಂದು ಸುಮ್ಮನಿರಲೂ ಆಗುತ್ತಿಲ್ಲ, ಈ ವಿಷಯ ಮನುಷ್ಯನ ಬುದ್ಧಿಗೆ ಮೀರಿದ್ದು, ನಾಯಿಯೊಂದು ನ್ಯೂಟನ್ನನ ಮನಸ್ಸಿನ ಬಗ್ಗೆ ಊಹಿಸಿದಂತಾದೀತು ಎಂದೂ ಬರೆಯುತ್ತಾರೆ. ಆ ಪತ್ರ ಬರೆಯುವ ಒಂಬತ್ತು ವರ್ಷ ಮೊದಲು, 1851ರಲ್ಲಿ, ಅವರ ಹತ್ತು ವರ್ಷದ ಮಗಳು ಆ್ಯನಿ ತೀರಿಕೊಂಡಿದ್ದಳು. ಅವರನ್ನು ಕಾಡಿದ್ದು ಜೀವಿಗಳು ಹೇಗಾದವೆಂಬ ವಿವರಣೆಯೊಂದೇ ಅಲ್ಲ, ನೋವು ಹಂಚಿಕೆಯಾಗಿರುವ ರೀತಿಯೂ ಹೌದು ಎಂದು ನನಗನ್ನಿಸಿತು. ಅಮ್ಮನನ್ನು ಕಾಡಿದ್ದೂ ಅದೇ.

ನೇರನುಡಿ ಸರ್, ನಿಮ್ಮ ಮಾತನ್ನು ನಾನು ತಳ್ಳಿಹಾಕುತ್ತಿಲ್ಲ. ನಮ್ಮ ಮನೆಯ ಹರಕೆಗೆ ದೇವರು ಕಿವಿಗೊಟ್ಟ ಎಂದು ನಾನು ಇನ್ನು ಹೇಳಲಾರೆ. ಹಾಗೆಂದರೆ ಆ ಇನ್ನೊಬ್ಬ ತಾಯಿಗೆ ಕಿವಿಗೊಡಲಿಲ್ಲ ಎಂದೂ ಹೇಳಿದಂತಾಗುತ್ತದೆ, ಅದನ್ನು ಹೇಳುವ ಹಕ್ಕು ನನಗಿಲ್ಲ. ಪಾಠ ನನ್ನಿಂದ ಕಿತ್ತುಕೊಂಡದ್ದು ಅದೊಂದನ್ನು, ಅದು ಹೋದದ್ದು ಒಳ್ಳೆಯದೇ ಆಯಿತು. ಸಂಜೆ ಕೈಮುಗಿಯುವುದು ಇನ್ನೂ ಇದೆ. ಏನನ್ನೂ ಬೇಡದೆ ಮುಗಿಯಲು ಪ್ರಯತ್ನಿಸುತ್ತಿದ್ದೇನೆ. ಆಂತರಿಕ ಪರೀಕ್ಷೆ ಹತ್ತಿರ ಬಂದಾಗ ಅದು ಅಷ್ಟು ಸುಲಭವಲ್ಲ ಎಂದು ಒಪ್ಪಿಕೊಳ್ಳುತ್ತೇನೆ. ಅದು ಅಪ್ರಾಮಾಣಿಕವೆಂದು ನಿಮಗೆ ಅನ್ನಿಸಿದರೆ ಮುಂದೆಯೂ ಹೇಳಿ, ಕೇಳಿಸಿಕೊಳ್ಳುತ್ತೇನೆ.

ಊರಿನಲ್ಲಿದ್ದಾಗ ನರ್ಸಿಂಗ್ ಓದುತ್ತಿರುವ ಚಿಕ್ಕಮ್ಮನ ಮಗಳ ಸ್ಟೆತಸ್ಕೋಪ್ ತೆಗೆದುಕೊಂಡು ತಮ್ಮನ ಎದೆಗೆ ಇಟ್ಟು ನೋಡಿದೆ. ಕೊಕ್ಕೋ ಆಡಿ ಆಗತಾನೆ ಬಂದಿದ್ದ ಅವನು ಬೆವರಿದ್ದ, ಕಚಗುಳಿಯಾಗುತ್ತದೆಂದು ನಗುತ್ತಿದ್ದ, ಸುಮ್ಮನಿರು ಎಂದು ಗದರಿಸಬೇಕಾಯಿತು. ಸಿಸ್ಟರ್ ಹೇಳಿದ ಬುಸುಗುಡುವ ಸದ್ದನ್ನು ಹುಡುಕಿದೆ. ಇರಲಿಲ್ಲ. ಲಬ್, ಡಬ್, ಅಷ್ಟೇ. ಅಮ್ಮನೂ ಒಮ್ಮೆ ಕೇಳುತ್ತೇನೆಂದು ಕೈ ಚಾಚಿದರು.